ಒಂದೇ ಗಂಟಿನ 21 ರೂಪಾಯಿ: ತಿಕ್ಕಿದ, ಅದ್ದಿದ, ಮುಟ್ಟದೆ ಬಿಟ್ಟ ನಾಣ್ಯಗಳ ಪ್ರಕರಣ

ಕಲಬುರಗಿಯ ಬ್ರಹ್ಮಪುರದ ಒಂದು ಮನೆತನದ ಅಜ್ಜಿ ತಮ್ಮ ಮದುವೆಯ ಕಾಲದಿಂದ ಕೂಡಿಟ್ಟಿದ್ದ 21 ಬೆಳ್ಳಿ ರೂಪಾಯಿಗಳನ್ನು ಬಿಟ್ಟು ಹೋದರು. ಅವರು ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ತಲಾ ಏಳು ನಾಣ್ಯ ಹಂಚಿಕೊಂಡರು. ಅಲ್ಲಿಂದ ಸುಮಾರು ನಾಲ್ಕು ದಶಕ ಆ ಮೂರು ಪಾಲುಗಳು ಮೂರು ಮನೆಗಳಲ್ಲಿ ಮೂರು ಬಗೆಯಲ್ಲಿ ಬಾಳಿದವು. ಹಿರಿಯ ಮಗನ ಪಾಲು ದೇವರ ಜಗಲಿ ಸೇರಿ, ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ತೊಳೆಸಿಕೊಂಡು ತಿಕ್ಕಿಸಿಕೊಂಡಿತು. ನಡುವಿನ ಮಗನ ಪಾಲು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಸಿಕೊಂಡು ತಗಡಿನ ಟ್ರಂಕಿನ ತಳ ಸೇರಿತು, ಅದನ್ನು ಯಾರೂ ಮುಟ್ಟಲಿಲ್ಲ. ಕಿರಿಯ ಮಗನ ಪಾಲು ಕಪಾಟಿನಲ್ಲಿದ್ದು, ಮಾರುವ ಮಾತು ಬಂದಾಗ ಸರಾಫರ ಅಂಗಡಿಯೊಂದರಲ್ಲಿ ದ್ರಾವಣದಲ್ಲಿ ಅದ್ದಿಸಿಕೊಂಡು ಬೆಳ್ಳಗಾಗಿ ಬಂತು.

ಮೂರೂ ಪಾಲನ್ನು ಒಟ್ಟಿಗೆ ಮಾರೋಣವೆಂದು ಅಣ್ಣತಮ್ಮಂದಿರು ಹೈದರಾಬಾದಿನಿಂದ ಬಂದ ಸಂಗ್ರಾಹಕರೊಬ್ಬರಿಗೆ ತೋರಿಸಿದರು. ಅವರು ಹೊಳೆಯುವ ಎರಡು ಪಾಲಿಗೆ ಬೆಳ್ಳಿಯ ತೂಕದ ಬೆಲೆ ಕಟ್ಟಿದರು. ಟ್ರಂಕಿನಿಂದ ತೆಗೆದ ಕಂದು, ಕಪ್ಪು, ನೀಲಿ ಬಣ್ಣದ ಏಳಕ್ಕೆ ಅದರ ಹಲವು ಪಟ್ಟು ಹೇಳಿದರು. ಮನೆಯಲ್ಲಿ ಮಾತು ಬೆಳೆಯಿತು. ಕಿರಿಯರಿಗೆ ತಮಗೆ ಯಾರೋ ಮೋಸ ಮಾಡುತ್ತಿದ್ದಾರೆ ಎಂಬ ಅನುಮಾನ. ನಿಜಾಮರ ಕಾಲದ ನಾಣ್ಯಗಳ ಹವ್ಯಾಸ ನನಗಿದೆ ಎಂದು ಗೊತ್ತಿದ್ದ ಹಿರಿಯರ ಮಗಳು ಮೂರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಕೊಂಡು ಬಂದಳು.

"ಕಾಕಾ, ಮೂರೂ ಒಂದೇ ಗಂಟಿನವು ಅದಾವ್ರಿ. ಹೊಳಿಯೋವಕ್ಕ ಕಮ್ಮಿ, ಕರ್ರಗ ಆದವಕ್ಕ ಜಾಸ್ತಿ ಅಂದ್ರ ಹೆಂಗ?"

ಆ ಸಂಗ್ರಾಹಕರು ಹೇಳಿದ್ದು ಸರಿಯಾದ ಮಾತೇ. ಆದರೆ ಬಾಯಿಮಾತಿನಲ್ಲಿ ಹಾಗೆಂದರೆ ಮನೆಯವರಿಗೆ ಒಪ್ಪಿಗೆಯಾಗುವುದಿಲ್ಲ, ಕಣ್ಣಿಗೆ ಕಾಣಬೇಕು. ಈ ಗಂಟಿನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇತ್ತು. ಒಂದು ನಾಣ್ಯವನ್ನು ತಿಕ್ಕಿದ ಮೇಲೆ ಅದು ಮೊದಲು ಹೇಗಿತ್ತೆಂದು ನೋಡಲು ದಾರಿಯಿಲ್ಲ. ಇಲ್ಲಿ ಒಬ್ಬರೇ ಕೂಡಿಟ್ಟ, ಒಂದೇ ಕಾಲದ, ಚಲಾವಣೆಯಲ್ಲಿ ಹೆಚ್ಚು ಸವೆಯದ ನಾಣ್ಯಗಳು ಜೋಡಿಜೋಡಿಯಾಗಿದ್ದವು. ಪ್ರತಿ ಪಾಲಿನಲ್ಲೂ ಹಿಜ್ರಿ 1337ರ, ಅಂದರೆ 1918-19ರ, ಒಂದು ಚಾರ್‌ಮಿನಾರ್ ರೂಪಾಯಿ, ಪ್ರತಿ ಪಾಲಿನಲ್ಲೂ 1918ರ ಮುಂಬೈ ಟಂಕಸಾಲೆಯ ಒಂದು ಐದನೇ ಜಾರ್ಜ್ ರೂಪಾಯಿ. ಈ ಆರು ನಾಣ್ಯಗಳ ಮೇಲೆಯೇ ನಾನು ಹೆಚ್ಚು ಹೊತ್ತು ಕಳೆದೆ.

ಹಾಲಿ ಮತ್ತು ಕಲ್ದಾರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆಯ ಮನೆಗಳ ಗಂಟುಗಳಲ್ಲಿ ಎರಡು ಸರ್ಕಾರಗಳ ರೂಪಾಯಿ ಒಟ್ಟಿಗೆ ಸಿಗುವುದು ಸಹಜ. 1948ರ ಸೆಪ್ಟೆಂಬರ್ ತನಕ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಸಂಸ್ಥಾನದ ಸ್ವಂತ ರೂಪಾಯಿ ಹಾಲಿ ಸಿಕ್ಕಾ, ಬ್ರಿಟಿಷ್ ಇಂಡಿಯಾದ ರೂಪಾಯಿ ಕಲ್ದಾರ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಸಾವಿರಕ್ಕೆ 818 ಭಾಗ. ಕಲ್ದಾರದ ತೂಕ 11.66 ಗ್ರಾಂ, ಬೆಳ್ಳಿ ಸಾವಿರಕ್ಕೆ 917 ಭಾಗ. ನೂರು ಕಲ್ದಾರಕ್ಕೆ ಸುಮಾರು 117 ಹಾಲಿ ಎಂಬ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿತ್ತು. ಎರಡರ ಬೆಳ್ಳಿಯನ್ನು ಗುಣಿಸಿ ನೋಡಿದರೂ ಹೆಚ್ಚುಕಡಿಮೆ ಅದೇ ಪ್ರಮಾಣ ಬರುತ್ತದೆ.

ಈ ಲೆಕ್ಕಕ್ಕೂ ನಾಣ್ಯ ತೊಳೆಯುವುದಕ್ಕೂ ಸಂಬಂಧವಿದೆ. ಹಾಲಿಯಲ್ಲಿ ಉಳಿದ 182 ಭಾಗ ಹೆಚ್ಚಾಗಿ ತಾಮ್ರ. ಹುಳಿ ತಾಗಿದಾಗ ಮೊದಲು ಸೋಲುವುದು ಅದೇ. ಹಾಗಾಗಿ ಒಂದೇ ಹುಣಸೆ ನೀರಿನಲ್ಲಿ ತೊಳೆದ ಹಾಲಿಯೂ ಕಲ್ದಾರವೂ ಒಂದೇ ರೀತಿ ಕೆಡುವುದಿಲ್ಲ. ಈ ಗಂಟಿನಲ್ಲಿ ಹಾಲಿಗಳೇ ಹೆಚ್ಚು ಪೆಟ್ಟು ತಿಂದಿದ್ದವು.

ಚಾರ್‌ಮಿನಾರ್ ಮಾದರಿ ಸುಂದರವಾದ ನಾಣ್ಯ. ಯಂತ್ರದಲ್ಲಿ ಅಚ್ಚಾದದ್ದು, ಗೆರೆಗಳು ಚೂಪು. ನಡುವೆ ಚಾರ್‌ಮಿನಾರ್, ಅದರ ಮೇಲೆ 92ರ ಅಂಕಿ, ಸುತ್ತ ನಿಜಾಮರ ಬಿರುದು. ಬಾಗಿಲ ಕಮಾನಿನೊಳಗೆ ಒಂದು ಪುಟ್ಟ ಅರಬಿ ಅಕ್ಷರ, ಆಗಿನ ನಿಜಾಮರ ಹೆಸರಿನ ಮೊದಲನೆಯದು. ಮೆಹಬೂಬ್ ಅಲಿ ಖಾನರ ಕಾಲದ್ದಾದರೆ ಅಲ್ಲಿ ಮೀಮ್ ಇರುತ್ತದೆ, ಉಸ್ಮಾನ್ ಅಲಿ ಖಾನರದ್ದಾದರೆ ಐನ್. ಉಸ್ಮಾನ್ ಅಲಿಯವರ ಮೊದಲ ವರ್ಷಗಳ ನಾಣ್ಯಗಳಲ್ಲಿ ಈ ಐನ್ ಗಿಡ್ಡದು, ಆಮೇಲಿನವುಗಳಲ್ಲಿ ಪೂರ್ಣ. ಈ ವ್ಯತ್ಯಾಸಕ್ಕಾಗಿಯೇ ಸಂಗ್ರಾಹಕರು ಬೇರೆ ಬೆಲೆ ಕೊಡುತ್ತಾರೆ. ಆ ಬಾಗಿಲು ಕಾಳಿಗಿಂತ ಚಿಕ್ಕದು. ಅದರೊಳಗೆ ಏನು ಉಳಿದಿದೆ, ಏನು ಅಳಿದಿದೆ ಎಂಬುದನ್ನು ನೋಡಿದರೆ ನಾಣ್ಯ ಹೇಗೆ ಬಾಳಿತೆಂದು ಅರ್ಧ ತಿಳಿಯುತ್ತದೆ.

ಜಗಲಿಯ ಏಳು

ಹಿರಿಯರ ಹೆಂಡತಿಯೇ ಈ ಏಳನ್ನು ನೋಡಿಕೊಂಡವರು. ಅವರ ಮಾತನ್ನು ಹಾಗೆಯೇ ಕೊಡುತ್ತೇನೆ: "ಲಕ್ಷ್ಮಿ ಮುಂದ ಕರಿ ರೊಕ್ಕ ಇಡ್ತಾರೇನ್ರಿ ಅಣ್ಣಾರ? ಹುಣಸಿಹಣ್ಣಿನ ನೀರಾಗ ನೆನಿ ಇಟ್ಟು, ವಿಭೂತಿ ಹಚ್ಚಿ ತಿಕ್ಕಿ, ಒಗದ ಅರಬಿಲೆ ವರಸ್ತಿದ್ದೆ."

ಈ ಒಂದು ವಾಕ್ಯದಲ್ಲಿ ಮೂರು ಕೆಲಸಗಳಿವೆ. ಮೂರೂ ನಾಣ್ಯದ ಮೇಲೆ ಬೇರೆ ಬೇರೆ ಗುರುತು ಬಿಟ್ಟಿವೆ.

ಬೆಳ್ಳಿಯ ಕಪ್ಪು ಎಂದರೆ ಬೆಳ್ಳಿಯ ಸಲ್ಫೈಡ್. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಆಗುವ ತೆಳು ಪದರ ಅದು. ಹುಣಸೆಯ ಹುಳಿಗೆ ಅದನ್ನು ಕರಗಿಸುವ ಶಕ್ತಿಯಿಲ್ಲ. ಹುಣಸೆ ತೆಗೆಯುವುದು ತಾಮ್ರದ ಆಕ್ಸೈಡನ್ನು, ಕಿಲುಬನ್ನು. ಅದರ ಜೊತೆಗೆ ಮೇಲ್ಮೈಯಲ್ಲಿ ಹರಡಿಕೊಂಡಿರುವ ತಾಮ್ರವನ್ನೂ ಸ್ವಲ್ಪಸ್ವಲ್ಪವೇ ಕೆರೆದು ಒಯ್ಯುತ್ತದೆ. ವರ್ಷಕ್ಕೊಮ್ಮೆ ಹೀಗಾದ ಹಾಲಿ ರೂಪಾಯಿಗಳ ಮೈ ಸುಣ್ಣ ಬಳಿದಂತೆ ಪೇಲವವಾಗಿತ್ತು, ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಗುಳಿ ಕಂಡವು. ಕಲ್ದಾರಗಳಲ್ಲಿ ಇದು ಅಷ್ಟಿರಲಿಲ್ಲ.

ಕಪ್ಪನ್ನು ನಿಜವಾಗಿ ತೆಗೆದದ್ದು ವಿಭೂತಿ. ಬೆಳ್ಳಿ ಮೆತ್ತನೆಯ ಲೋಹ, ಮೋಸ್ ಅಳತೆಯಲ್ಲಿ ಅದರ ಗಡಸುತನ ಎರಡೂವರೆಯಿಂದ ಮೂರು. ಸುಣ್ಣದ ಪುಡಿಯಿಂದ ಮಾಡಿದ ವಿಭೂತಿಯಾದರೆ ಅದೂ ಸುಮಾರು ಮೂರು. ಸಗಣಿ ಸುಟ್ಟು ಮಾಡಿದ ಬೂದಿಯಲ್ಲಿ ಹುಲ್ಲಿನಿಂದ ಬಂದ ಸಿಲಿಕಾ ಇರುತ್ತದೆ, ಅದು ಬೆಳ್ಳಿಗಿಂತ ಬಹಳ ಗಟ್ಟಿ. ಹಲ್ಲಿನ ಪುಡಿ, ಪಾತ್ರೆ ತೊಳೆಯುವ ಪುಡಿ, ಟೂತ್‌ಪೇಸ್ಟ್ ಇವೆಲ್ಲ ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಕಪ್ಪು ಹೋಗುವುದು ಕರಗಿ ಅಲ್ಲ, ಸವೆದು. ಅದರ ಜೊತೆ ಕೆಳಗಿನ ಬೆಳ್ಳಿಯೂ ಸವೆಯುತ್ತದೆ.

ಮೂರನೆಯದು ಬಟ್ಟೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಏನಾದೀತು ಎಂದು ಎಲ್ಲರೂ ಕೇಳುತ್ತಾರೆ. ಹತ್ತಿಯ ನೂಲು ಬೆಳ್ಳಿಯನ್ನು ಗೀರುವುದು ಕಷ್ಟವೇ. ಗೀರುವುದು ಬಟ್ಟೆಗೂ ನಾಣ್ಯಕ್ಕೂ ನಡುವೆ ಸಿಕ್ಕಿಕೊಂಡ ದೂಳು. ಮನೆಯ ದೂಳಿನಲ್ಲಿ ಬೆಣಚುಕಲ್ಲಿನ ಕಣ ಇದ್ದೇ ಇರುತ್ತದೆ, ಅದರ ಗಡಸುತನ ಏಳು. ಬೇಸಿಗೆಯಲ್ಲಿ ನಮ್ಮೂರಿನ ಕಿಟಕಿ ತೆರೆದಿಟ್ಟರೆ ಸಂಜೆಯೊಳಗೆ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅಂಥ ಮನೆಯಲ್ಲಿ ಒಗೆದು ಒಣಗಿಸಿದ ಯಾವ ಬಟ್ಟೆಯೂ ನಾಣ್ಯಕ್ಕೆ ಮೆತ್ತನೆಯದಲ್ಲ. ತೊಳೆದ ನಾಣ್ಯಗಳನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಹರವಿ ಒಣಗಿಸುತ್ತಿದ್ದರಂತೆ. ಎತ್ತುವಾಗ ಜಾರಿಸಿ ಎತ್ತಿದ ಗುರುತು ಅಂಚುಗಳಲ್ಲಿ ಬೇರೆಯೇ ಕಂಡಿತು.

ನಾಣ್ಯದ ಅಂಚು ಹಿಡಿದು ಒಂದೇ ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡಿದಾಗ ಈ ಗೀರುಗಳೆಲ್ಲ ಒಮ್ಮೆಲೇ ಎದ್ದು ಬರುತ್ತವೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇದು ಕಾಣುವುದಿಲ್ಲ, ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು. ಹಿರಿಯರ ಮಗಳು ನೋಡಿದ ಕೂಡಲೇ "ಅಯ್ಯ, ಇಷ್ಟು ಗೆರಿ ಅದಾವೇನ್ರಿ!" ಎಂದಳು. ಸಂಗ್ರಾಹಕರು ಇವನ್ನು ಹೇರ್‌ಲೈನ್ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಅಚ್ಚನ್ನು ಟಂಕಸಾಲೆಯಲ್ಲಿ ಉಜ್ಜಿ ನಯ ಮಾಡಿದ್ದರಿಂದಲೂ ಹೊಸ ನಾಣ್ಯದ ಮೇಲೆ ಗೆರೆಗಳು ಬರುತ್ತವೆ, ಅವು ದೋಷವಲ್ಲ. ಅಚ್ಚಿನಿಂದ ಬಂದ ಗೆರೆ ಉಬ್ಬಿರುತ್ತದೆ, ಬಯಲಿನಲ್ಲಷ್ಟೇ ಇದ್ದು ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ. ಒರೆಸಿದ ಗೆರೆ ತಗ್ಗಿರುತ್ತದೆ, ಅಕ್ಷರದ ಮೇಲೂ ಮುಖದ ಮೇಲೂ ಹಾಯ್ದು ಹೋಗುತ್ತದೆ. ಜಗಲಿಯ 1918ರ ಕಲ್ದಾರದಲ್ಲಿ ಗೆರೆಗಳು ಅರಸನ ಕೆನ್ನೆ, ಗಡ್ಡ, ಕಿರೀಟ ಎಲ್ಲದರ ಮೇಲೂ ಹಾಯ್ದಿದ್ದವು. ನಿಲುವಂಗಿಯ ಮೇಲಿನ ಸರದಲ್ಲಿರುವ ಪುಟ್ಟ ಆನೆಯ ಸೊಂಡಿಲು ಅಳಿಸಿ ದುಂಡಗಾಗಿತ್ತು.

ಹಿಜ್ರಿ 1337ರ ಚಾರ್‌ಮಿನಾರಿನಲ್ಲಿ ಬಯಲು ಬೆಳ್ಳಗೆ, ಅಕ್ಷರಗಳ ಸಂದಿ ಮಾತ್ರ ಕಪ್ಪಗೆ. ಬಟ್ಟೆ ಹೋಗುವಲ್ಲಿ ಹೊಳಪು, ಹೋಗದಲ್ಲಿ ಕೊಳೆ. ಸಹಜವಾಗಿ ಬಣ್ಣ ತಿರುಗಿದ ನಾಣ್ಯದಲ್ಲಿ ಇಂಥ ಗಡುಸಾದ ಅಂಚು ಇರುವುದಿಲ್ಲ, ಬಣ್ಣ ಒಂದರಿಂದ ಒಂದಕ್ಕೆ ಜಾರುತ್ತದೆ. ಬಾಗಿಲ ಕಮಾನಿನೊಳಗೆ ಕುಂಕುಮ ಗಟ್ಟಿಯಾಗಿ ಕೂತು ಐನ್ ಅಕ್ಷರ ಮುಚ್ಚಿಹೋಗಿತ್ತು. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಯಿಟ್ಟು, ತಿಕ್ಕದೆ, ನೀರು ಬದಲಿಸುತ್ತಾ ಬಿಡಿಸಿದೆವು. ಕೆಳಗೆ ಅಕ್ಷರ ಚೂಪಾಗಿಯೇ ಉಳಿದಿತ್ತು. ಆ ಒಂದು ಅಕ್ಷರವನ್ನು ಕುಂಕುಮ ಇಷ್ಟು ವರ್ಷ ವಿಭೂತಿಯಿಂದ ಕಾಪಾಡಿತ್ತು.

ಅದ್ದಿದ ಏಳು

ಕಿರಿಯರ ಪಾಲು ನೋಡಲು ಎಲ್ಲಕ್ಕಿಂತ ಬೆಳ್ಳಗಿತ್ತು. ಸಂದಿಗೊಂದಿ ಎಲ್ಲ ಒಂದೇ ಬಿಳಿ. ಬೆಳ್ಳಿ ಅಂಗಡಿಗಳಲ್ಲಿ ಒಡವೆ ಬೆಳ್ಳಗಾಗಿಸಲು ಬಳಸುವ ಡಿಪ್‌ಗಳಲ್ಲಿ ಸಾಮಾನ್ಯವಾಗಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಇದು ಸಲ್ಫೈಡನ್ನು ಕರಗಿಸುತ್ತದೆ, ಆ ಸಲ್ಫೈಡಿನೊಳಗಿನ ಬೆಳ್ಳಿಯೂ ಕರಗಿ ದ್ರಾವಣ ಸೇರುತ್ತದೆ. ಆ ಬೆಳ್ಳಿ ಹೊರಗಿನಿಂದ ಬಂದದ್ದಲ್ಲ, ನಾಣ್ಯದ್ದೇ ಮೇಲ್ಮೈ.

ಟಂಕಸಾಲೆಯ ಹೊಳಪು ಎಲ್ಲಿಂದ ಬರುತ್ತದೆಂದು ತಿಳಿದರೆ ಈ ನಷ್ಟ ಅರ್ಥವಾಗುತ್ತದೆ. ಅಚ್ಚುಗಳ ನಡುವೆ ಬಿಲ್ಲೆಯ ಮೇಲೆ ಒತ್ತಡ ಬಿದ್ದಾಗ ಲೋಹ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಆ ಹರಿವಿನಿಂದ ಬರಿಗಣ್ಣಿಗೆ ಕಾಣದ ಸೂಕ್ಷ್ಮ ಏರುತಗ್ಗುಗಳು ಮೈಮೇಲೆ ಉಳಿಯುತ್ತವೆ. ನಾಣ್ಯವನ್ನು ತಿರುಗಿಸಿದಾಗ ಬೆಳಕಿನ ಪಟ್ಟಿ ಸುತ್ತುತ್ತಾ ಹೋಗುವುದು ಆ ಏರುತಗ್ಗುಗಳಿಂದ. ದ್ರಾವಣ ಮೊದಲು ತಿನ್ನುವುದು ಅವುಗಳ ತುದಿಯನ್ನೇ. ತೆಳುವಾಗಿ ಬಣ್ಣ ಹಿಡಿದ ನಾಣ್ಯವನ್ನು ತಿಳಿದವರು ಕ್ಷಣಮಾತ್ರ ಅದ್ದಿ ಚೆನ್ನಾಗಿ ತೊಳೆದರೆ ಹೊಳಪು ಬಹುಪಾಲು ಉಳಿಯಬಹುದು. ದಟ್ಟ ಕಪ್ಪಾದದ್ದನ್ನು ಬಿಳಿಯಾಗುವ ತನಕ ಬಿಟ್ಟರೆ ಕೆಳಗೆ ಉಳಿಯುವುದು ಜೀವವಿಲ್ಲದ ಬಿಳಿ. ಕಿರಿಯರ 1918ರ ಕಲ್ದಾರವನ್ನು ಬಲ್ಬಿನ ಕೆಳಗೆ ಎಷ್ಟು ತಿರುಗಿಸಿದರೂ ಬೆಳಕು ಸುತ್ತಲಿಲ್ಲ, ಎಲ್ಲ ಕಡೆಯಿಂದಲೂ ಒಂದೇ ಥರ ಮಂಕಾಗಿ ಕಂಡಿತು.

ಸ್ವಲ್ಪ ಸವೆದ ನಾಣ್ಯ ಹಾಗೆ ಬೆಳ್ಳಗಿರುವುದೇ ಅನುಮಾನಕ್ಕೆ ಕಾರಣ. ಕೈಯಿಂದ ಕೈಗೆ ಓಡಾಡಿದ ಬೆಳ್ಳಿಯಲ್ಲಿ ಎತ್ತರದ ಜಾಗ ಬೂದು, ಸಂದಿ ಕಪ್ಪು ಇರಲೇಬೇಕು. ಕೆನ್ನೆ ಸವೆದಿದೆ, ಆದರೆ ಕಿವಿಯ ಸಂದಿ ಹೊಸ ತಟ್ಟೆಯಷ್ಟು ಬಿಳಿಯಿದೆ ಎಂದರೆ ಸಂಗ್ರಾಹಕ ಕೇಳದೆಯೇ ಉತ್ತರ ತಿಳಿದುಕೊಳ್ಳುತ್ತಾನೆ. ಅಂಗಡಿಯಲ್ಲಿ ಸರಿಯಾಗಿ ನೀರಲ್ಲಿ ತೊಳೆದಿರಲಿಲ್ಲ ಅಂತಲೂ ಕಾಣುತ್ತದೆ, ಬಿರುದಿನ ಅಕ್ಷರಗಳ ಸುತ್ತ ಹಳದಿ ಮಿಶ್ರಿತ ಕಂದು ಮಚ್ಚೆಗಳು ಆಗಲೇ ಏಳುತ್ತಿದ್ದವು. ಅದನ್ನು ತೆಗೆಯಲು ಮತ್ತೆ ಅದ್ದಬೇಕು, ಅದ್ದಿದರೆ ಮತ್ತೊಂದು ಪದರ ಹೋಗುತ್ತದೆ.

ಅಂಗಡಿಯವರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಅವರ ಕೈಗೆ ಬರುವ ಕಾಲ್ಗೆಜ್ಜೆ, ಉಡದಾರ, ಕುಂಕುಮದ ಭರಣಿಗೆ ಆ ದ್ರಾವಣ ತಕ್ಕದ್ದೇ. ನಾಣ್ಯವೂ ಬೆಳ್ಳಿಯ ಒಂದು ವಸ್ತು ಎಂದು ಅವರು ಭಾವಿಸಿದರು. ಕೊಟ್ಟವರೂ ಹಾಗೆಯೇ ಭಾವಿಸಿದ್ದರು.

ಈ ನಡುವೆ ಆ ಹುಡುಗಿ, ಹಿರಿಯರ ಮಗಳು, ಇನ್ನೊಂದು ಉಪಾಯ ನೋಡಿಕೊಂಡು ಬಂದಿದ್ದಳು: ಅಲ್ಯೂಮಿನಿಯಂ ಹಾಳೆ, ಬಿಸಿ ನೀರು, ಅಡುಗೆ ಸೋಡಾ. ಇದರಲ್ಲಿ ಬೆಳ್ಳಿ ಕಳೆದುಹೋಗುವುದಿಲ್ಲ, ಸಲ್ಫೈಡ್ ಮತ್ತೆ ಬೆಳ್ಳಿಯೇ ಆಗುತ್ತದೆ, ಆದ್ದರಿಂದ ಸುರಕ್ಷಿತ ಎಂಬುದು ಅವಳ ವಾದ. ಮೊದಲ ಭಾಗ ನಿಜ. ಆದರೆ ಮರಳಿ ಬಂದ ಬೆಳ್ಳಿ ತಾನಿದ್ದ ಜಾಗಕ್ಕೆ, ತಾನಿದ್ದ ಆಕಾರಕ್ಕೆ ಬರುವುದಿಲ್ಲ. ಸೂಕ್ಷ್ಮ ರಂಧ್ರಗಳ ಮಂಕು ಪದರವಾಗಿ ಕೂರುತ್ತದೆ, ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಊಟದ ಬೆಳ್ಳಿ ಚಮಚಕ್ಕೆ ಸರಿ. ನಾಣ್ಯಕ್ಕೆ ಬೇಡವೆಂದೆ.

ಟ್ರಂಕಿನ ಏಳು, ಮತ್ತು ಬೀದರಿನ ಸುರಾಹಿ

ಮನೆಯವರು ಎಲ್ಲಕ್ಕಿಂತ ಕೀಳೆಂದು ಬದಿಗಿಟ್ಟಿದ್ದ ಪಾಲು ಇದು. ಪತ್ರಿಕೆಯ ಹಾಳೆ ಹಳದಿಯಾಗಿ ಪುಡಿಪುಡಿಯಾಗಿತ್ತು. ಕಾಗದದ ಗಂಧಕ ನಾಣ್ಯಗಳ ಅಂಚಿನಿಂದ ಒಳಗೆ ನಿಧಾನವಾಗಿ ಕೆಲಸ ಮಾಡಿತ್ತು: ಅಂಚಿನಲ್ಲಿ ಗಾಢ ನೀಲಿ, ಆಮೇಲೆ ನೇರಳೆ ಬೆರೆತ ಕೆಂಪು, ನಡುವಿಗೆ ಬಂದಂತೆ ಜೇನು ಬಣ್ಣ. ಸಲ್ಫೈಡ್ ಪದರ ತೆಳುವಾಗಿದ್ದಾಗ ಅದರ ಮೇಲಿನಿಂದ ಮರಳುವ ಬೆಳಕೂ ತಳದಿಂದ ಮರಳುವ ಬೆಳಕೂ ಸೇರಿ ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುತ್ತವೆ. ಪದರ ದಪ್ಪವಾದಂತೆ ಹಳದಿ, ಕೆಂಪು, ನೀಲಿ ಎಂದು ಬಣ್ಣ ಬದಲಾಗಿ ಕೊನೆಗೆ ಕಪ್ಪಾಗುತ್ತದೆ. ಈ ಕ್ರಮ ತಪ್ಪದೆ ಬಂದಿದ್ದರೆ ಬಣ್ಣ ಸಹಜ ಎಂದು ನಂಬಬಹುದು.

ಪದರ ಎಷ್ಟು ತೆಳುವೆಂದು ಹುಡುಗಿಯ ಜೊತೆ ಕೂತು ಲೆಕ್ಕ ಹಾಕಿದೆವು. ರೂಪಾಯಿಯ ಅಗಲ ಸುಮಾರು 30 ಮಿಲಿಮೀಟರ್, ಎರಡೂ ಮುಖ ಸೇರಿ ಸುಮಾರು 14 ಚದರ ಸೆಂಟಿಮೀಟರ್. ಪದರ 100 ನ್ಯಾನೋಮೀಟರ್ ಎಂದು ಹಿಡಿದರೆ ಅದರ ಒಟ್ಟು ತೂಕ ಒಂದು ಮಿಲಿಗ್ರಾಂ ಆಸುಪಾಸು. ಸರಾಫರ ತಕ್ಕಡಿಗೆ ಅದು ಇಲ್ಲದ ಹಾಗೆ. ತೊಳೆದರೆ ತೂಕವೇನೂ ಇಳಿಯಲಿಲ್ಲವಲ್ಲ ಎಂದು ಕಿರಿಯರು ವಾದಿಸಿದ್ದು ಇದೇ ಕಾರಣಕ್ಕೆ, ಅವರ ಮಟ್ಟಿಗೆ ಅದು ಸರಿಯೇ. ಕರಗಿಸಿ ಮಾರುವವರಿಗೆ ಒಂದು ಮಿಲಿಗ್ರಾಂ ಲೆಕ್ಕಕ್ಕಿಲ್ಲ. ಸಂಗ್ರಾಹಕ ಹಣ ಕೊಡುವುದು ಆ ಒಂದು ಮಿಲಿಗ್ರಾಮಿಗೆ ಮತ್ತು ಅದರ ಕೆಳಗೆ ಹಾಳಾಗದೆ ಉಳಿದ ಮೈಗೆ.

ಇದನ್ನು ಮನೆಯವರಿಗೆ ಒಪ್ಪಿಸಿದ್ದು ಅವರದೇ ಷೋಕೇಸಿನ ಒಂದು ಬಿದರಿ ಸುರಾಹಿ. ಬಿದರಿ ಸಾಮಾನು ಎರಕ ಹೊಯ್ಯುವುದು ಸತುವು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹದಲ್ಲಿ, ಅದರ ಸಹಜ ಬಣ್ಣ ಬೂದು. ಬೆಳ್ಳಿಯ ಕುಸುರಿ ಕೂರಿಸಿ ಮುಗಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಕಾಯಿಸಿದ ದ್ರವ ತಾಗಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಆ ಕಪ್ಪು ಚರ್ಮದಂಥ ತೆಳು ಪದರ. ಅದನ್ನು ಯಾರೂ ಕೊಳೆ ಎನ್ನುವುದಿಲ್ಲ. ಕೊಂಡು ತಂದ ದಿನವೇ ಕುಶಲಕರ್ಮಿ ಪುಡಿ ಹಾಕಿ ತಿಕ್ಕಬೇಡಿ, ಎಣ್ಣೆ ಕೈಯಾಡಿಸಿ ಸಾಕು ಎಂದಿದ್ದರಂತೆ, ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. "ಅದರ ಕರಿ ಹೋದ್ರ ಸುರಾಹಿನೇ ಹೋತು ಅಂದಂಗ" ಎಂದರು ಹಿರಿಯರ ಹೆಂಡತಿ. ನಾಣ್ಯದ ಬಗ್ಗೆ ನಾನು ಹೇಳಬೇಕಾದದ್ದನ್ನು ಅವರೇ ಹೇಳಿದ್ದರು. ಒಂದರಲ್ಲಿ ಕಪ್ಪನ್ನು ಮನುಷ್ಯ ತಂದ, ಇನ್ನೊಂದರಲ್ಲಿ ಕಾಲ ತಂದಿತು. ಎರಡೂ ವಸ್ತುವಿನ ಮೇಲೆ ಕೂತ ಬೇರೆ ಏನೋ ಅಲ್ಲ, ವಸ್ತುವಿನದೇ ಮೈ. (ನಾಣ್ಯಕ್ಕೆ ಎಣ್ಣೆಯೂ ಬೇಡ. ಅದರಲ್ಲೂ ಸ್ವಲ್ಪ ಆಮ್ಲವಿರುತ್ತದೆ, ದೂಳು ಹಿಡಿಯುತ್ತದೆ.)

ಹಾಗೆಂದು ಕಪ್ಪೆಲ್ಲ ಚೆನ್ನ ಎಂದಲ್ಲ. ಏಳರಲ್ಲಿ ಎರಡು ಹಾಲಿಗಳು ಬಣ್ಣದ ಹಂತ ದಾಟಿ ದಟ್ಟ ಕಪ್ಪಾಗಿದ್ದವು, ಅಂಥದ್ದರ ಕೆಳಗೆ ಮೈ ಕೊರೆದುಹೋಗಿರುವ ಸಾಧ್ಯತೆ ಇರುತ್ತದೆ. ಆದರೂ ಅವನ್ನು ಹಾಗೆಯೇ ಬಿಡುವುದು ಲೇಸು. ಬಿಟ್ಟ ನಾಣ್ಯವನ್ನು ನಾಳೆ ತಿಳಿದವರು ಸರಿಪಡಿಸಬಹುದು, ತಿಕ್ಕಿದ್ದನ್ನು ಯಾರೂ ಸರಿಪಡಿಸಲಾರರು.

ಈ ಏಳಕ್ಕೆ ನಾವು ಮಾಡಿದ್ದು ಬಹಳ ಕಡಿಮೆ. ಅಂಟಿದ್ದ ಕಾಗದದ ಚೂರು, ಜಿಡ್ಡು ಬಿಡಲು ಶುದ್ಧ ಅಸಿಟೋನಿನಲ್ಲಿ ಗಾಜಿನ ಬಟ್ಟಲೊಳಗೆ ನೆನೆಯಿಟ್ಟೆವು, ಕಿಟಕಿ ತೆರೆದು, ಒಲೆಯಿಂದ ದೂರ. ಅಸಿಟೋನ್ ಜಿಡ್ಡು, ಅಂಟನ್ನು ಕರಗಿಸುತ್ತದೆಯೇ ಹೊರತು ಬೆಳ್ಳಿಯನ್ನಾಗಲಿ ಸಲ್ಫೈಡನ್ನಾಗಲಿ ಮುಟ್ಟುವುದಿಲ್ಲ. ಉಗುರಬಣ್ಣ ತೆಗೆಯುವ ದ್ರವ ಅದಕ್ಕೆ ಬದಲಿಯಲ್ಲ, ಅದರಲ್ಲಿ ಬಣ್ಣ, ಸುಗಂಧ, ಎಣ್ಣೆ ಬೆರೆತಿರುತ್ತವೆ. ಆಮೇಲೆ ಬಟ್ಟಿ ಇಳಿಸಿದ ನೀರು, ಒರೆಸದೆ ಟಿಶ್ಯೂ ಮೇಲೆ ಇಟ್ಟು ಒಣಗಿಸುವುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ದೂರವಿಟ್ಟೆವು.

ಹುಡುಗಿ ಅಕ್ಕರೆಯಿಂದ ಒಂದು ಆಲ್ಬಂ ಕೊಂಡು ತಂದಿದ್ದಳು, ಮೂಗಿಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಡಿಯುವಂಥದ್ದು. ಮೆತ್ತನೆಯ ಪಿವಿಸಿ ಹಾಳೆ ಕಾಲ ಕಳೆದಂತೆ ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಲೋಳೆ ಕಟ್ಟುತ್ತದೆ. ಅದನ್ನು ಮರಳಿಸಿ, ಹಾಗೆ ಆಮ್ಲ ಬಿಡದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಚೀಲಗಳನ್ನು ತರಿಸಿದಳು.

ಬಹಮನಿ ಕಾಲದ ದಪ್ಪ ತಾಮ್ರ

ಟ್ರಂಕಿನಲ್ಲಿ 21ರ ಲೆಕ್ಕಕ್ಕೆ ಸೇರದ ಇನ್ನೊಂದು ನಾಣ್ಯವಿತ್ತು, ಬಹಮನಿ ಸುಲ್ತಾನರ ಕಾಲದ ಗಿಡ್ಡ, ದಪ್ಪ ತಾಮ್ರ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು, ಅದರ ಮೊದಲ ರಾಜಧಾನಿ ನಮ್ಮ ಕಲಬುರಗಿ. ಆಮೇಲೆ ಅಹಮದ್ ಶಾಹನ ಕಾಲದಲ್ಲಿ ಅದು ಬೀದರಿಗೆ ಹೋಯಿತು. ಇಂಥ ತಾಮ್ರದ ನಾಣ್ಯ ಈ ಸೀಮೆಯಲ್ಲಿ ಅಪರೂಪವಲ್ಲ, ಬೆಲೆಯೂ ದೊಡ್ಡದಲ್ಲ. ನನಗೆ ನಿಜವಾಗಿ ಸಂಕಟವಾದದ್ದು ಮಾತ್ರ ಇದನ್ನು ನೋಡಿ.

ಮನೆಯ ಹುಡುಗನೊಬ್ಬ ಅದನ್ನು ರಾತ್ರಿಯಿಡೀ ನಿಂಬೆರಸ ಮತ್ತು ಉಪ್ಪಿನಲ್ಲಿ ಇಟ್ಟಿದ್ದ. ಬೆಳಿಗ್ಗೆ ಹಸಿರೆಲ್ಲ ಹೋಗಿ ಸುಲಿದ ಹಾಗೆ ಗುಲಾಬಿ ಬಣ್ಣವಾಗಿತ್ತು, ಜೊತೆಗೆ ಬರಹವೂ ಹೋಗಿತ್ತು. ಬೆಳ್ಳಿಯ ವಿಷಯದಲ್ಲಿ ಕೆಡುವುದು ಹೊಳಪು. ನೂರಾರು ವರ್ಷ ಮಣ್ಣಲ್ಲಿದ್ದ ತಾಮ್ರದ ವಿಷಯ ಇನ್ನೂ ಗಂಭೀರ. ಅಷ್ಟು ಕಾಲದಲ್ಲಿ ಮೇಲಿನ ಲೋಹ ಕೆಂಪು ಆಕ್ಸೈಡ್, ಹಸಿರು ಕಾರ್ಬೊನೇಟ್ ಆಗಿ ಮಾರ್ಪಟ್ಟಿರುತ್ತದೆ, ಅಕ್ಷರಗಳ ಆಕಾರ ಉಳಿದಿರುವುದೇ ಆ ಪದರದಲ್ಲಿ. ಹಸಿರನ್ನು ಕರಗಿಸಿದರೆ ಅಡಿಯಲ್ಲಿ ಚೊಕ್ಕ ಅಕ್ಷರ ಸಿಗುವುದಿಲ್ಲ, ತಿಂದು ಬಿಟ್ಟ ತಾಮ್ರ ಸಿಗುತ್ತದೆ. ಹಿಂದೆ ಯಾರೋ ತೆಗೆದ ಮಸುಕು ಫೋಟೊ ಒಂದರಲ್ಲಿ ಸುಲ್ತಾನನ ಹೆಸರಿನ ಎರಡು ಅಕ್ಷರ ಓದಲು ಬರುತ್ತಿದ್ದವು. ಈಗ ಯಾವ ಸುಲ್ತಾನನದೆಂದು ಹೇಳುವ ದಾರಿಯೇ ಮುಚ್ಚಿದೆ.

ಉಪ್ಪಿನ ಕಾಟ ಅಲ್ಲಿಗೇ ಮುಗಿಯುವುದಿಲ್ಲ. ಕ್ಲೋರೈಡ್ ತಾಮ್ರದ ಮೈಯೊಳಗೆ ಇಳಿದು, ಗಾಳಿಯಲ್ಲಿ ತೇವ ಬಂದಾಗಲೆಲ್ಲ ಕೆಲಸ ಶುರು ಮಾಡುತ್ತದೆ. ತಿಳಿ ಹಸಿರು ಪುಡಿ ಉದುರುತ್ತದೆ, ಅದನ್ನು ಕೆರೆದರೆ ಕೆಳಗೆ ಗುಳಿ, ಮತ್ತೆ ಪುಡಿ. ಗಟ್ಟಿಯಾಗಿ ಕೂತ ಹಳೆಯ ಹಸಿರಿಗೂ ಈ ಪುಡಿ ಹಸಿರಿಗೂ ಇರುವ ವ್ಯತ್ಯಾಸವನ್ನು ಎಲ್ಲ ಸಂಗ್ರಾಹಕರೂ ತಿಳಿದಿರಬೇಕು: ಮೊದಲನೆಯದು ರಕ್ಷಣೆ, ಎರಡನೆಯದು ರೋಗ. ಇಂಗ್ಲಿಷಿನಲ್ಲಿ ಇದಕ್ಕೆ ಇಟ್ಟ ಹೆಸರಿನಲ್ಲೂ (ಬ್ರಾಂಜ್ ಡಿಸೀಸ್) ರೋಗವೆಂಬ ಮಾತೇ ಇದೆ.

ಮಣ್ಣಿನಲ್ಲಿ ಸಿಕ್ಕ ನಾಣ್ಯದ ಬಗ್ಗೆ ಇಲ್ಲೇ ಒಂದು ಮಾತು. ಭೂಮಿಯಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ತಿಳಿಸುವ ಮೊದಲು ಮಣ್ಣು ತೊಳೆದು ಒಯ್ಯೋಣ ಎನ್ನುವವರನ್ನು ಕಂಡಿದ್ದೇನೆ. ತೊಳೆಯದೆ ಒಯ್ಯಿರಿ. ಯಾವ ಮಣ್ಣಿನಲ್ಲಿ, ಯಾವ ಗಡಿಗೆಯಲ್ಲಿ, ಯಾವುದರ ಪಕ್ಕ ಇತ್ತು ಎಂಬುದೂ ಓದಲು ಬರುವ ಬರಹವೇ.

ಕೊನೆಗೆ ಆದ ತೀರ್ಮಾನ

ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ನಾಣ್ಯಗಳಿಗೆ 1ರಿಂದ 70ರ ತನಕ ದರ್ಜೆ ಕೊಡುತ್ತವೆ. ಒರಟಾಗಿ ತೊಳೆದದ್ದು ಎಂದು ಕಂಡರೆ ಅಂಕಿಯನ್ನೇ ಕೊಡದೆ, ಅಸಲಿ ಆದರೆ ತೊಳೆದದ್ದು ಎಂದು ಬರೆದು ಡಬ್ಬಿಯಲ್ಲಿ ಮುಚ್ಚುತ್ತವೆ. ಕಿರಿಯರು ತಮ್ಮ ಏಳನ್ನು ಅಲ್ಲಿಗೆ ಕಳಿಸೋಣವೇ ಎಂದರು. 1918ರ ಕಲ್ದಾರ ಕೋಟಿಗಟ್ಟಲೆ ಅಚ್ಚಾದ ಸಾಮಾನ್ಯ ನಾಣ್ಯ, ಕಳಿಸುವ ಖರ್ಚೇ ಬೆಲೆಗಿಂತ ಹೆಚ್ಚಾಗುತ್ತದೆ. ಬೇಡವೆಂದೆ. ಅವರು ಬೆಳ್ಳಿಯ ಬೆಲೆಗೆ ನಾಲ್ಕು ಮಾರಿ, ಮೂರನ್ನು ಮಕ್ಕಳಿಗೆಂದು ಇಟ್ಟುಕೊಂಡರು.

ಜಗಲಿಯ ಏಳು ಜಗಲಿಗೇ ಮರಳಿದವು, ಅದು ನನಗೂ ಸರಿ ಕಂಡಿತು. ಅವು ಅಷ್ಟು ವರ್ಷ ಮಾಡಿದ ಕೆಲಸ ಪೂಜೆಯದು, ಆ ಗೀರುಗಳು ಒಬ್ಬ ತಾಯಿಯ ಕೈಯವು. ಪೂಜೆಗೆ ಇರುವ ನಾಣ್ಯವನ್ನು ಸಂಗ್ರಹದ ನಾಣ್ಯದ ಹಾಗೆ ನಡೆಸಿಕೊಳ್ಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಯಾವುದು ಯಾವುದಕ್ಕೆ ಎಂದು ಮೊದಲೇ ಬೇರ್ಪಡಿಸಿ ಎಂದಷ್ಟೇ ನನ್ನ ಕೋರಿಕೆ. ಟ್ರಂಕಿನ ನಾಣ್ಯಗಳನ್ನು ಇನ್ನು ಮುಂದೆ ಅಲ್ಲಿಗೆ ತರುವುದಿಲ್ಲವೆಂದು ಹಿರಿಯರ ಹೆಂಡತಿಯೇ ಹೇಳಿದರು, ಲಕ್ಷ್ಮಿಗೆ ಏಳು ಸಾಕೆಂದರು.

ನಡುವಿನವರು ಟ್ರಂಕಿನ ಏಳರಲ್ಲಿ ಮೂರನ್ನು ಆ ಹೈದರಾಬಾದಿನ ಸಂಗ್ರಾಹಕರಿಗೆ ಕೊಟ್ಟರು. ಬಂದ ಹಣದಲ್ಲಿ ಅಣ್ಣತಮ್ಮಂದಿರಿಗೂ ಪಾಲು ಕೊಟ್ಟರು, ಗಂಟು ಒಂದೇ ಆಗಿತ್ತೆಂದು. ಉಳಿದ ನಾಲ್ಕು ಈಗ ಹುಡುಗಿಯ ವಶದಲ್ಲಿವೆ. ಪ್ರತಿಯೊಂದರ ಎರಡೂ ಮುಖದ ಫೋಟೊ ಒಂದೇ ಬಲ್ಬಿನ ಬೆಳಕಿನಲ್ಲಿ ತೆಗೆದಿಟ್ಟಿದ್ದಾಳೆ.

ಬಹಮನಿ ತಾಮ್ರಕ್ಕೆ ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ನೆನೆಯಿಟ್ಟು ಉಪ್ಪು ಬಿಡಿಸುವ ಪ್ರಯತ್ನ ನಡೆದಿದೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಲಾಗಿದೆ, ಒಳಗಿನ ತೇವಾಂಶ 40 ಪ್ರತಿಶತಕ್ಕಿಂತ ಕೆಳಗಿರಬೇಕು. ಕಲಬುರಗಿಯ ಬೇಸಿಗೆಯ ಒಣಗಾಳಿಯಲ್ಲಿ ಇದು ಕಷ್ಟವಲ್ಲ, ಪರೀಕ್ಷೆಯಿರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಮಳೆಗಾಲದಲ್ಲಿ ಅಂಚಿನ ಒಂದು ಕಡೆ ತಿಳಿ ಹಸಿರು ಚುಕ್ಕೆ ಕಾಣಿಸಿಕೊಂಡಿದೆ. ಬೆಂಜೊಟ್ರಯಜೋಲ್ ಬಳಸಿ ಅದನ್ನು ತಡೆಯುವ ವಿಧಾನವಿದೆ, ಆದರೆ ಆ ರಾಸಾಯನಿಕ ವಿಷಕಾರಿ, ಮನೆಯಲ್ಲಿ ಮಾಡುವ ಕೆಲಸವಲ್ಲ. ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸುವ ತನಕ ಡಬ್ಬಿ ತೆರೆಯದೆ, ಹದಿನೈದು ದಿನಕ್ಕೊಮ್ಮೆ ಹೊರಗಿನಿಂದಲೇ ಚುಕ್ಕೆಯ ಅಳತೆ ಬರೆದಿಡಲು ಹುಡುಗಿಗೆ ಹೇಳಿದ್ದೇನೆ.